ಏಕೀಕರಣದ ಓಟವೂ ನನ್ನ ಕಣಕಾಲೂ

ನನ್ನ ಮೊಮ್ಮಗಳು ಹೋದ ವಾರ ಓಡಲು ಶುರು ಮಾಡಿದಳು. ಮೊದಲು ಬೂಟು ಬಂದವು. ಅವುಗಳ ಹಿಂದೆ ಒಪ್ಪುವ ಕಾಲುಚೀಲ ಬಂದವು. ಆಮೇಲೆ ಎದೆಬಡಿತ ಎಣಿಸುವ ಗಡಿಯಾರ ಬಂತು. ಎಲ್ಲ ಬಂದಾದ ಮೇಲೆ ನೋವೂ ಬಂತು. ಇವತ್ತು ಬೆಳಿಗ್ಗೆ ನೋಡಿದರೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಮೊಣಕಾಲ ಕೆಳಗೆ ಮಂಜುಗಡ್ಡೆಯ ಚೀಲ ಇಟ್ಟುಕೊಂಡು ಮುಖ ಕಿವುಚಿಕೊಂಡಿದ್ದಳು.

"ಎಲ್ಲಿ ನೋವು?" ಎಂದೆ.

"ಇಲ್ಲಿಂದ ಇಲ್ಲೀತನಾ," ಎಂದು ಕಣಕಾಲಿನ ಮುಂದಿನ ಎಲುಬಿನ ಒಳಬದಿಗೆ ಬೆರಳಿನಿಂದ ಒಂದು ಗೆರೆ ಎಳೆದು ತೋರಿಸಿದಳು.

ನನಗೆ ನಗು ತಡೆಯಲಾಗಲಿಲ್ಲ. ಅವಳಿಗೆ ಸಿಟ್ಟು ಬಂತು. ನಾನು ನಕ್ಕದ್ದು ಅವಳ ನೋವಿಗಲ್ಲ ಎಂದು ಹೇಗೆ ತಿಳಿಸುವುದು? ಆ ಗೆರೆ ನನಗೆ ಚೆನ್ನಾಗಿ ಗೊತ್ತು, ಹುಟ್ಟಿದ ಓಣಿ ಗೊತ್ತಿರುವಷ್ಟೇ ಗೊತ್ತು. ಅದರ ಮೇಲೆ ನಾನೂ ಒಮ್ಮೆ ಹೀಗೆಯೇ ಬೆರಳಾಡಿಸಿ ಕಣ್ಣಲ್ಲಿ ನೀರು ತಂದುಕೊಂಡವಳು. ಆಗ ಮಂಜುಗಡ್ಡೆಯೂ ಇರಲಿಲ್ಲ, ಬೂಟೂ ಇರಲಿಲ್ಲ. ಕರ್ನಾಟಕವೂ ಇನ್ನೂ ಆಗಿರಲಿಲ್ಲ!

ನೀವೇ ನೋಡಿ, ಕಾಲಿನಲ್ಲಿ ಎಲ್ಲದಕ್ಕೂ ಒಂದೊಂದು ಮರ್ಯಾದೆ ಇದೆ. ಪಾದಕ್ಕೆ ನಮಸ್ಕಾರ ಬೀಳುತ್ತದೆ. ಬೆರಳಿಗೆ ಕಾಲುಂಗುರ, ಹರಡಿಗೆ ಗೆಜ್ಜೆ. ದಣಿದು ಬಂದಾಗ ಮನೆಯವರು ಒತ್ತುವುದು ಮೀನಖಂಡವನ್ನು. ಈ ಕಣಕಾಲಿನ ಮುಂದಿನ ಎಲುಬನ್ನು ಮಾತ್ರ ಯಾರೂ ಕೇಳುವುದಿಲ್ಲ. ಮಂಚದ ಮೂಲೆ ಬಡಿದಾಗ ಒಮ್ಮೆ ನೆನಪಾಗುತ್ತದೆ, ಅಷ್ಟೇ. ಅಂಥದ್ದು ನನ್ನ ಹದಿನೇಳನೆಯ ವರ್ಷದಲ್ಲಿ ಎದ್ದು ಕೂತು ನಮ್ಮ ಇಡೀ ಮನೆಯನ್ನು ಕುಣಿಸಿತು.

ನಮ್ಮದು ಬೆಟಗೇರಿಯ ನೇಕಾರರ ಮನೆ. ನಡುಮನೆಯಲ್ಲಿ ಎರಡು ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವಂಥವು. ಒಂದರಲ್ಲಿ ಅಪ್ಪ ಕೂರುತ್ತಿದ್ದ, ಇನ್ನೊಂದರಲ್ಲಿ ಕಾಕಾ. ಅವ್ವ ರಾಟಿ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಕೆ ಮೂಲೆಯಲ್ಲಿ ಕೂತು ಎಲ್ಲರ ಮೇಲೂ ಒಂದು ಕಣ್ಣಿಟ್ಟಿರುತ್ತಿದ್ದಳು.

ಆಯಿಯ ತವರು ಶಿರಹಟ್ಟಿ. ಸ್ವಾತಂತ್ರ್ಯ ಬರುವವರೆಗೆ ಅದೊಂದು ಸಂಸ್ಥಾನದ ಊರು. ಪಕ್ಕದ ಲಕ್ಷ್ಮೇಶ್ವರ ಇನ್ನೊಂದು ಸಂಸ್ಥಾನದ್ದು. ಗದಗ ಮುಂಬೈ ಸರಕಾರದ್ದು. ಅವ್ವನ ತವರು ಮುಂಡರಗಿ ಆಚೆ, ತುಂಗಭದ್ರೆಯ ದಂಡೆಯ ಹಮ್ಮಿಗಿ. ಅದೂ ಮುಂಬೈಗೆ ಸೇರಿದ್ದೇ, ಆದರೆ ಎದುರಿನ ದಂಡೆ ಮೊದಲು ಮದ್ರಾಸಿನದಾಗಿತ್ತು, ಆಮೇಲೆ ಮೈಸೂರಿನದಾಯಿತು. ಅವ್ವನ ಅಕ್ಕನನ್ನು ಆ ದಂಡೆಗೇ ಕೊಟ್ಟಿದ್ದರು. ಒಂದೇ ಜೋಳದ ರೊಟ್ಟಿ ತಿನ್ನುವ ಒಂದೇ ಬಳಗ ಇಷ್ಟು ಸರಕಾರಗಳ ಕೈಯಲ್ಲಿ ಹಂಚಿಹೋಗಿತ್ತು. ಹಾಗಾಗಿ ಕನ್ನಡದ ಊರುಗಳೆಲ್ಲ ಇನ್ನು ಒಂದೇ ರಾಜ್ಯವಾಗುತ್ತವೆ ಎಂಬ ಖಬರ ಬಂದ ದಿನ ಅಪ್ಪ ಲಾಳಿ ಕೆಳಗಿಟ್ಟು, ಓಣಿಯ ಉದ್ದಕ್ಕೂ ಮನೆಮನೆಗೆ ಹೋಗಿ ಹೇಳಿಬಂದ. ಅವರಿಗೆಲ್ಲ ಮೊದಲೇ ಗೊತ್ತಿತ್ತು. ಅವರೂ ಅಪ್ಪನಿಗೆ ಹೇಳಲು ಹೊರಟವರೇ!

ಊರಿನಲ್ಲಿ ಉತ್ಸವದ ಸಮಿತಿಯಾಯಿತು. ಹಮ್ಮಿಗಿಯಲ್ಲಿ ಹೊಳೆಯ ನೀರು ತುಂಬಿಕೊಂಡು, ಕೈಯಿಂದ ಕೈಗೆ ದಾಟಿಸುತ್ತ, ಓಡುತ್ತ ಗದಗಿನ ಉತ್ಸವದ ಬಯಲಿಗೆ ತರುವುದೆಂದು ಗೊತ್ತಾಯಿತು. ಹೊಳೆಯ ನಡುವೆ ಹರಿಗೋಲಿನಲ್ಲಿ ಎರಡೂ ದಂಡೆಯವರು ಕೂಡಿ ತಂಬಿಗೆ ತುಂಬುವುದು, ಅಲ್ಲಿಂದ ಊರೂರಿನ ಹುಡುಗರು ಓಡುವುದು. ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಕವಾಯತು ಕಲಿಸುತ್ತಿದ್ದವರು ಸುಶೀಲಕ್ಕೋರು. ಅವರು ಸಮಿತಿಯ ಸಭೆಗೆ ಹೋಗಿ, ಮುಂಡರಗಿ ರಸ್ತೆಯ ಸುಂಕದ ನಾಕಾದಿಂದ ಬಯಲಿನವರೆಗೆ ನಮ್ಮ ಹುಡುಗಿಯರು ಓಡುತ್ತಾರೆ ಎಂದರು. ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರಂತೆ.

"ಹುಡುಗ್ಯಾರು ಆರತಿ ಹಿಡಕೊಂಡು ನಿಂದ್ರಲಿ ಬಿಡ್ರಿ ಬಾಯಾರ. ಅಷ್ಟ ಛಂದ ಕಾಣತೈತಿ."

"ನಿಂದ್ರಾಕ ಭಾಳ ಮಂದಿ ಅದಾರ್ರೀ. ನಮ್ಮ ಹುಡುಗ್ಯಾರು ಓಡತಾರ," ಎಂದರಂತೆ ಅಕ್ಕೋರು.

ಮರುದಿನ ಶಾಲೆಯ ಬಯಲಿನಲ್ಲಿ ನಮ್ಮನ್ನು ನಿಲ್ಲಿಸಿ, ಯಾರು ಯಾರು ಬರುತ್ತೀರಿ ಎಂದು ಕೇಳಿದರು. ಮ್ಯಾಟ್ರಿಕ್ ಮುಗಿಸಿ ಮನೆಯಲ್ಲಿದ್ದರೂ ಸುದ್ದಿ ಕೇಳಿ ಹೋಗಿ ನಿಂತಿದ್ದ ನಾನು ಹಳೆಯ ವಿದ್ಯಾರ್ಥಿನಿ ಎಂಬ ಹಕ್ಕಿನಿಂದ ಎಲ್ಲರಿಗಿಂತ ಮೊದಲು ಕೈ ಎತ್ತಿದೆ.

ಆಯಿ ಹಣೆ ಬಡಿದುಕೊಂಡಳು. "ಮದುವಿಗೆ ಬಂದ ಹುಡುಗಿ ಹಾದ್ಯಾಗ ಓಡತಾಳಂತ!" ಅಪ್ಪ ಮಾತ್ರ ಉಬ್ಬಿಹೋಗಿದ್ದ. "ನಾಡು ಒಂದಾಗೂ ಹೊತ್ತಿನ್ಯಾಗ ನನ್ನ ಮಗಳು ಓಡಲಿ ಬಿಡಬೇ. ನಾ ಅಂತೂ ಕುಣಿಯೊಳಗ ಕುಂತಾಂವಾ."

ನಸುಕಿನಲ್ಲೇ ಎದ್ದು, ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಬರಿಗಾಲಲ್ಲಿ ಜಲ್ಲಿಕಲ್ಲಿನ ಖಡಿ ರಸ್ತೆಯ ಮೇಲೆ ನಾವು ಏಳೆಂಟು ಹುಡುಗಿಯರು ಓಡುತ್ತಿದ್ದೆವು. ಆ ಸಂತೋಷವನ್ನು ಹೇಗೆ ಹೇಳಲಿ! ಅಲ್ಲಿಯವರೆಗೆ ನಾನು ಓಡಿದ್ದೆಂದರೆ ಮಳೆ ಬಂದಾಗ ಒಣಹಾಕಿದ ನೂಲು ತರಲು, ಅಷ್ಟೇ. ಯಾವ ಕೆಲಸಕ್ಕೂ ಅಲ್ಲದೆ ಸುಮ್ಮನೆ ಓಡಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ. ದೂರದಲ್ಲಿ ಕಪ್ಪತಗುಡ್ಡ ನೀಲಿಯಾಗಿ ಕಾಣುತ್ತಿತ್ತು. ಇನ್ನೊಂದಿಷ್ಟು ಓಡಿದರೆ ಮುಟ್ಟಿಯೇ ಬಿಡುತ್ತೇನೆ ಅನ್ನಿಸುತ್ತಿತ್ತು. ಕೊನೆಯ ಓಟ ನನಗೇ ಸಿಗಬೇಕು, ಬಯಲಿನಲ್ಲಿ ತಂಬಿಗೆ ಇಡುವವಳು ನಾನೇ ಆಗಬೇಕು ಎಂಬ ಆಸೆ ಹುಟ್ಟಿತು. ಅಕ್ಕೋರು ಓಡಿಸಿದ್ದು ಸಾಲದೆಂದು ಸಂಜೆಯೂ ಒಬ್ಬಳೇ ಹಿತ್ತಲ ದಾರಿಯಲ್ಲಿ ಓಡತೊಡಗಿದೆ.

ಮೊದಮೊದಲು ಓಡಿ ಬಂದ ಮೇಲೆ ಕಣಕಾಲು ಸಣ್ಣಗೆ ಉರಿಯುತ್ತಿತ್ತು. ನಾನು ಲೆಕ್ಕಕ್ಕಿಡಲಿಲ್ಲ. ಆಮೇಲೆ ಓಡಲು ಶುರು ಮಾಡುವಾಗಲೇ ನೋಯತೊಡಗಿತು, ಸ್ವಲ್ಪ ಓಡಿ ಮೈ ಬಿಸಿಯಾದರೆ ಮಾಯವಾಗುತ್ತಿತ್ತು. ಗೆದ್ದೆ ಅಂದುಕೊಂಡೆ. ಕೊನೆಗೆ ಅದು ಮಾಯವಾಗುವುದನ್ನೇ ಬಿಟ್ಟಿತು. ನಡೆದರೂ ನೋವು, ನಿಂತರೂ ನೋವು, ಬೆರಳು ಒತ್ತಿದರೆ ಜೀವ ಹೋದ ಹಾಗೆ.

ಆಯಿಗೆ ಸುದ್ದಿ ಗೊತ್ತಾದದ್ದೇ ತಡ, ಚಿಕಿತ್ಸೆ ಶುರುವಾಯಿತು. ಹರಳೆಣ್ಣೆ ತಿಕ್ಕಿ ಬಿಸಿ ಉಪ್ಪಿನ ಗಂಟು ಇಟ್ಟಳು. ಲಕ್ಕಿ ಗಿಡದ ತಪ್ಪಲು ಕುದಿಸಿ ಆ ನೀರು ಹೊಯ್ದಳು. ಅರಿಶಿನಕ್ಕೆ ಸುಣ್ಣ ಕಲಸಿ ದಪ್ಪಗೆ ಬಳಿದಳು. ಎರಡೂ ಕಣಕಾಲು ಕೆಂಪಗಾಗಿ, ಯಾವುದೋ ಗುಡಿಯ ಕಂಬಗಳ ಹಾಗೆ ಕಾಣತೊಡಗಿದವು. ಪಕ್ಕದ ಮನೆಯಾಕೆ ವಾಯು ಎಂದಳು, ಎದುರಿನಾಕೆ ದೃಷ್ಟಿ ಎಂದಳು. ಎರಡಕ್ಕೂ ಆಯಿಯ ಹತ್ತಿರ ಮದ್ದಿತ್ತು. ಅವನ್ನೆಲ್ಲ ಮಾಡಿಸಿಕೊಂಡು ಮರುದಿನ ನಸುಕಿಗೆ ನಾನು ಮತ್ತೆ ಓಡಲು ಹೋಗುತ್ತಿದ್ದೆ. ನೋವು ತಾನೇ ಏನು ಮಾಡೀತು?

"ಗಂಗೂ, ಕುಂಟಾಕತ್ತೀಯಲ್ಲ, ಏನಾಗೇತಿ?" ಎಂದರು ಅಕ್ಕೋರು ಒಂದು ದಿನ.

"ಮುಳ್ಳು ಚುಚ್ಚೇತ್ರಿ ಅಕ್ಕೋರ."

"ಎರಡೂ ಕಾಲಿಗೆ?"

ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಅವರು ಬಗ್ಗಿ ನನ್ನ ಕಣಕಾಲನ್ನು ಮೆಲ್ಲಗೆ ಒತ್ತಿದರು. ನಾನು ಹಲ್ಲು ಕಚ್ಚಿದರೂ ಕಣ್ಣು ಸುಮ್ಮನಿರಲಿಲ್ಲ. "ನೋವು ಪೂರಾ ಹೋಗೋತನಾ ಇಲ್ಲಿ ಬರಬ್ಯಾಡ. ಆರಾಮಾದ್ರ ಬಾ, ಇಲ್ಲಂದ್ರ ಬ್ಯಾರೆ ಹುಡುಗಿ ಓಡತಾಳ," ಎಂದರು. ದನಿ ಜೋರಾಗಿರಲಿಲ್ಲ, ಆದರೆ ಅವರು ಒಮ್ಮೆ ಹೇಳಿದರೆ ಮುಗಿಯಿತು. ಆ ದಿನ ದಾರಿಯುದ್ದಕ್ಕೂ ಅಳುತ್ತ ಮನೆಗೆ ಬಂದೆ.

ಬಂದು ನೋಡಿದರೆ ಮನೆಯಲ್ಲಿ ಸಡಗರ. ಲಕ್ಷ್ಮೇಶ್ವರದಿಂದ ನನ್ನನ್ನು ನೋಡಲು ಬರುವವರಿದ್ದರು! ಹುಡುಗ ಬಸವರಾಜ ಅಂತ, ಕನ್ನಡ ಶಾಲೆಯ ಮಾಸ್ತರ. ತಾಯಿಯಿಲ್ಲದ ಅವನನ್ನು ಸಾಕಿದ್ದು ದೊಡ್ಡವ್ವ. ಅವತ್ತು ಮಾತೆಲ್ಲ ಆಕೆಯದೇ. ಹುಡುಗನ ತಂದೆ ಗೋಡೆಗೆ ಒರಗಿ ಚಹಾ ಕುಡಿಯುತ್ತಿದ್ದರು. ನಾನು ಉಪ್ಪಿಟ್ಟಿನ ತಾಟು ಹಿಡಿದು, ಕಾಲ ಕೆಂಪು ಕಾಣದಂತೆ ಸೀರೆ ಇಳಿಬಿಟ್ಟು, ಅಡುಗೆಮನೆಯಿಂದ ಬಂದೆ. ಹೊಸ್ತಿಲು ದಾಟುವಾಗಲೇ ಕಣಕಾಲು ಚುರ್ ಎಂದಿತು. ಕುಂಟಿದೆ. ಸರಿಮಾಡಿಕೊಳ್ಳಲು ಹೋಗಿ ಇನ್ನೊಂದು ಕಾಲಲ್ಲಿ ಕುಂಟಿದೆ.

ದೊಡ್ಡವ್ವ ತಾಟು ಮುಟ್ಟಲಿಲ್ಲ. "ಹುಡುಗಿ ಕಾಲಿಗೆ ಏನಾಗೇತ್ರಿ?"

"ಮಗ್ಗದ ಕುಣ್ಯಾಗ ಜಾರಿದ್ಲರಿ," ಎಂದ ಅಪ್ಪ.

"ನಾಯಿ ಬೆನ್ನು ಹತ್ತಿತ್ತರಿ," ಎಂದಳು ಆಯಿ, ಅದೇ ಉಸಿರಿಗೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. "ನಾಯಿ ಬೆನ್ನು ಹತ್ತಿದ್ದಕ್ಕ ಕುಣ್ಯಾಗ ಬಿದ್ದಳು," ಎಂದು ಅಪ್ಪ ಸೇರಿಸಲು ನೋಡಿದ. ಮಗ್ಗದ ಕುಣಿಯವರೆಗೆ ಬರುವ ನಾಯಿ ಯಾವುದು ಎಂದು ದೊಡ್ಡವ್ವ ಬಾಯಿ ತೆರೆಯುವಷ್ಟರಲ್ಲಿ ನಾನೇ ಹೇಳಿಬಿಟ್ಟೆ.

"ಓಡಿದ್ದಕ್ಕ ನೋವಾಗೇತ್ರಿ. ಏಕೀಕರಣದ ದಿನ ಹೊಳಿ ನೀರು ಹಿಡಕೊಂಡು ಓಡೂದೈತಿ. ದಿನಾ ಮುಂಜಾನೆ ಓಡತೇನ್ರಿ. ಸಂಜೀಕೂ ಓಡತೇನ್ರಿ."

ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲಿ, ಅಲ್ಲಿಯವರೆಗೆ ಚಾಪೆಯ ಅಂಚನ್ನು ನೋಡುತ್ತಿದ್ದ ಹುಡುಗ ತಲೆ ಎತ್ತಿದ. "ಹೌದ್ರಿ? ಎಲ್ಲಿಂದ ಓಡತೀರಿ? ಹುಡುಗ್ಯಾರ ಅಷ್ಟ ಓಡತೀರೇನು? ನಮ್ಮ ಶಾಲಿ ಹುಡುಗರನ್ನೂ ಕರಕೊಂಡು ನಾನೂ ಅವತ್ತ ಗದಗಿಗೆ ಬರಾಂವ ಅದೇನ್ರಿ!"

"ನೀ ಸುಮ್ಮನ ಕುಂಡ್ರೋ," ಎಂದಳು ದೊಡ್ಡವ್ವ. ಎದ್ದು ಸೆರಗು ಸರಿಮಾಡಿಕೊಂಡಳು. "ನಾವು ಮನ್ಯಾಗ ಇರೂ ಸೊಸಿ ಹುಡುಕಾಕ ಬಂದೇವ್ರಿ. ಓಡೂ ಸೊಸಿ ನಮಗ ಯಾಕ?"

ಎಲ್ಲರೂ ಅಂಗಳಕ್ಕಿಳಿದರು. ಹುಡುಗ ಚಪ್ಪಲಿ ಮೆಟ್ಟುವ ನೆವದಲ್ಲಿ ಹಿಂದುಳಿದು, ಬಾಗಿಲ ಸಂದಿಯಲ್ಲಿದ್ದ ನನಗೆ ಕೇಳುವಷ್ಟೇ ಮೆಲ್ಲಗೆ ಹೇಳಿದ: "ನಾ ಹುತುತು ಕಬಡ್ಡಿ ಆಡಾಕ ಹತ್ತಿದಾಗ ನನಗೂ ಹಿಂಗ ಆಗಿತ್ರಿ. ಈಗ ಓಡಬ್ಯಾಡ್ರಿ. ಖಡಿ ರಸ್ತಾ ಬಿಟ್ಟು ಹೊಲದ ಮಣ್ಣಾಗ ನಡೀರಿ. ನೋವು ಹೋದಮ್ಯಾಲ ಒಂಚೂರು ಒಂಚೂರು ಓಡ್ರಿ. ಆದ್ರ ಬಿಡಬ್ಯಾಡ್ರಿ ಮತ್ತ."

ಎಂಟು ದಿನ ಕಳೆಯುವುದರೊಳಗೆ ಲಕ್ಷ್ಮೇಶ್ವರದಿಂದ ಹೇಳಿಕಳಿಸಿದರು. ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ ನಮಗೆ ಬೇಡ ಅಂತ. ಆಯಿ ಊಟ ಬಿಟ್ಟಳು. ಉಬ್ಬಿದ್ದ ಅಪ್ಪನೂ ಕುಗ್ಗಿಹೋಗಿ, "ಸಾಕಿನ್ನ ಗಂಗೂ. ಓಡೂದು ಬಿಟ್ಟುಬಿಡು," ಎಂದ. ನನಗೆ ಮದುವೆ ತಪ್ಪಿದ್ದಕ್ಕೆ ಅಳು ಬರಲಿಲ್ಲ, ಓಟ ತಪ್ಪುತ್ತದೆಂದು ಬಂತು. ಸುಳ್ಳೇಕೆ, ಆ ಹುಡುಗನ ಮಾತು ಕಿವಿಯಲ್ಲೇ ಇತ್ತು, ಅದಕ್ಕೂ ಸ್ವಲ್ಪ ಬಂತು.

ಆಗ ರಾಟಿ ನಿಂತಿತು. ಗಂಡನ ಮಾತಿಗೆ, ಅತ್ತೆಯ ಮಾತಿಗೆ ಎಂದೂ ಎದುರು ಹೇಳದ ಅವ್ವ ಹೇಳಿದಳು: "ನಾಳಿಂದ ಆಕಿನ್ನ ನಾ ಹೊಲದ ಕಡೆ ಕರಕೊಂಡು ಹೊಕ್ಕೇನಿ. ಓಡಾಕ ಅಲ್ಲ, ನಡ್ಯಾಕ. ಆ ಹುಡುಗ ಹೇಳಿದ್ದು ನನಗೂ ಕೇಳೇತಿ."

ಅಪ್ಪ ಆಯಿಯ ಮುಖ ನೋಡಿದ. ಅವ್ವ ಮತ್ತೆ ರಾಟಿ ತಿರುಗಿಸತೊಡಗಿದಳು.

ಮರುದಿನದಿಂದ ತಾಯಿಮಗಳು ಇಬ್ಬರೇ. ಹಿಂಗಾರಿ ಜೋಳ ಆಗಷ್ಟೇ ಮೊಳೆತಿತ್ತು. ಹೊಲದ ಬದುವಿನ ಪಕ್ಕದ ಎರೆಮಣ್ಣು ಇಬ್ಬನಿಯಲ್ಲಿ ನೆನೆದು ಮೆತ್ತಗಿರುತ್ತಿತ್ತು. ಕಾಲಿಟ್ಟರೆ ಹಾಸಿಗೆಯ ಮೇಲೆ ಇಟ್ಟ ಹಾಗೆ. ಸಾವಕಾಶ ನಡೆಯುತ್ತಿದ್ದೆವು. ಬಂದು ಬಾವಿಯ ತಣ್ಣೀರು ಕಾಲಿಗೆ ಹೊಯ್ದುಕೊಳ್ಳುತ್ತಿದ್ದೆ. ಮನೆಯಲ್ಲಿ ತುಟಿ ಬಿಚ್ಚದ ಅವ್ವ ಅಲ್ಲಿ ಮಾತಾಡಿದ್ದೇ ಮಾತಾಡಿದ್ದು!

"ನಮ್ಮಕ್ಕನ್ನ ಆಚಿ ದಂಡಿಗೆ ಕೊಟ್ಟಾಗ ನಾವಿಬ್ರೂ ಸಣ್ಣಾರು. ಬ್ಯಾಸಗ್ಯಾಗ ಹೊಳಿ ಬತ್ತಿ ಸಣ್ಣದಾಗತಿತ್ತು. ಆಕಿ ಅಲ್ಲಿ ಅರಬಿ ಒಗ್ಯಾಕ ಬರಾಕಿ, ನಾ ಇಲ್ಲಿ. ಒದರಿದ್ರ ಮಾತು ಕೇಳತಿತ್ತು. ಅರಬಿ ಅಲ್ಲೇ ಬಿಟ್ಟು ಆಕಿ ಆ ದಂಡಿ ಹಿಡದು ಓಡಾಕಿ, ನಾ ಈ ದಂಡಿ ಹಿಡದು ಓಡಾಕಿ. ಉಸಕಿನ್ಯಾಗ. ಯಾರು ಮುಂದ ಅಂತ."

"ಯಾರು ಗೆಲ್ಲತಿದ್ರಬೇ?"

"ನಡುವ ಹೊಳಿ ಇತ್ತಲ್ಲ, ಹೆಂಗ ಗೊತ್ತಾಗಬೇಕು? ಇಬ್ರೂ ನಾನ ಗೆದ್ದೆ ಅಂತ ಒದರತಿದ್ವಿ."

ನಾನು ಬಿದ್ದು ಬಿದ್ದು ನಕ್ಕೆ. ಅವ್ವನೂ ನಕ್ಕಳು. ಹಾಗೆ ನಗುತ್ತಲೇ ಒಮ್ಮೆ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸೆರಗನ್ನು ಟೊಂಕಕ್ಕೆ ಸಿಗಿಸಿ ಬದುವಿನಗುಂಟ ಓಡಿಯೇ ಬಿಟ್ಟಳು! ನಾನು ಬಾಯಿ ತೆರೆದು ನಿಂತೆ. ರಾಟಿಯ ಮುಂದೆ ಕೂತು ಕೂತು ನಡು ಹಿಡಿದವಳು ಎಂದು ನಾವೆಲ್ಲ ತಿಳಿದಿದ್ದ ಅವ್ವ, ಹಕ್ಕಿ ಎದ್ದ ಹಾಗೆ ಓಡುತ್ತಿದ್ದಳು.

ಕೆಲವು ದಿನಗಳಲ್ಲಿ ಒತ್ತಿದರೂ ನೋವಿಲ್ಲದಂತಾಯಿತು. ಆ ಹುಡುಗ ಹೇಳಿದ ಹಾಗೆಯೇ ಇಷ್ಟಿಷ್ಟೇ ಓಡಿದೆ, ಆಸೆಯಾದರೂ ಅವ್ವ ಹೆಚ್ಚಿಗೆ ಬಿಡಲಿಲ್ಲ. ಅಕ್ಕೋರ ಮುಂದೆ ಹೋಗಿ ನಿಂತಾಗ ಅವರು ಮತ್ತೆ ಬಗ್ಗಿ ಕಣಕಾಲು ಒತ್ತಿದರು. ನನ್ನ ಮುಖವನ್ನೇ ನೋಡಿದರು. "ಕಡೀಕ ನೀನ ಓಡು. ಅದು ಎಲ್ಲಾರಕಿಂತಾ ಸಣ್ಣ ಹಾದಿ," ಎಂದರು. ಕೊನೆಯ ಓಟ! ಅವರು ನನ್ನ ಕಾಲಿನ ಮೇಲಿನ ಕರುಣೆಯಿಂದ ಕೊಟ್ಟರೋ ಏನೋ, ನಾನು ಮಾತ್ರ ನೆಲಕ್ಕೆ ಕಾಲು ತಾಗಿಸದೆ ಮನೆಗೆ ಬಂದೆ.

ಏಕೀಕರಣದ ದಿನ ಊರು ಊರಾಗಿರಲಿಲ್ಲ. ತೋರಣ, ಡೊಳ್ಳು, ಲೇಜಿಮು, ಹಳ್ಳಿಗಳಿಂದ ಬಂದ ಚಕ್ಕಡಿಗಳು. ಹರ್ತಿ ಹಳ್ಳಿಯವರು ಎತ್ತುಗಳ ಕೋಡಿಗೆ ಬಣ್ಣ ಬಳಿದು ತಂದಿದ್ದರು. ನಾಕಾದಲ್ಲಿ "ಬಂತು ಬಂತು" ಎಂದು ಕೂಗೆದ್ದಾಗ, ಕೊನೆಯ ಓಟಕ್ಕೆ ಮುಂದೆ ನಿಂತಿದ್ದ ನಾನು ಕಚ್ಚೆ ಬಿಗಿ ಮಾಡಿಕೊಂಡೆ. ಹುಡುಗಿಯಿಂದ ಹುಡುಗಿಗೆ ದಾಟುತ್ತ ತಂಬಿಗೆ ಬಂತು. ಬಾಯಿಗೆ ಹಸಿರು ಬಟ್ಟೆ ಕಟ್ಟಿದ ತಾಮ್ರದ ತಂಬಿಗೆ. ಕೈಗೆ ಬಂದದ್ದೇ ಎದೆಗವಚಿಕೊಂಡು ಓಡಿದೆ. ಒಳಗೆ ಹೊಳೆ ತುಳುಕುತ್ತಿತ್ತು. ಎರಡೂ ಬದಿಗೆ ಜನ. ಯಾರೋ ಹೂವು ಎರಚಿದರು, ಯಾರೋ "ನಮ್ಮ ಬೆಟಗೇರಿ ಹುಡುಗಿ!" ಎಂದು ಒದರಿದರು. ಆ ಒದರಾಟಕ್ಕೆ ನಾನು ಮೈಮರೆತೆ. ಇಷ್ಟಿಷ್ಟೇ ಎಂಬುದು ಮರೆತುಹೋಗಿ ಒಮ್ಮೆಲೇ ಜೋರು ಹಿಡಿದೆ.

ಬಯಲು ಕಣ್ಣಿಗೆ ಕಂಡಾಗ ಕಣಕಾಲು ಹಿಡಿಯಿತು. ಒಂದು ಕಾಲಲ್ಲ, ಎರಡೂ. ಓಟ ನಡಿಗೆಯಾಯಿತು, ನಡಿಗೆ ಕುಂಟಾಯಿತು. ತಂಬಿಗೆ ಬಿಟ್ಟುಬಿಡುತ್ತೇನೋ ಎಂದು ಹೆದರಿಕೆಯಾಯಿತು.

"ಸಾವಕಾಶ ಗಂಗೂ, ಸಾವಕಾಶ!"

ಜನರನ್ನು ಸರಿಸುತ್ತ ಅವ್ವ ಹಾದಿಗೆ ಇಳಿದಿದ್ದಳು. ಸೆರಗು ಆಗಲೇ ಟೊಂಕದಲ್ಲಿತ್ತು. ಈ ಸಲ ಆಕೆ ಅತ್ತಿತ್ತ ನೋಡಲಿಲ್ಲ. ನನ್ನ ಪಕ್ಕಕ್ಕೆ ಬಂದು ಕೈ ಚಾಚಿದಳು. "ಕೊಡು ಇಲ್ಲೆ. ನಮ್ಮ ಹೊಳಿ ಅದು."

ಕೊಟ್ಟೆ. ಅವ್ವ ತಂಬಿಗೆ ಅವಚಿಕೊಂಡು ಓಡಿದಳು. ಗದಗಿನ ನಟ್ಟನಡುವೆ, ಹಾಡುಹಗಲು, ಸಾವಿರಾರು ಜನರ ಮುಂದೆ, ರಾಟಿಯ ಮುಂದೆ ಕೂರುವ ನಮ್ಮವ್ವ! ಜನ ಕತ್ತು ಉದ್ದ ಮಾಡಿ ನೋಡಿದರು. ಆಮೇಲೆ ಹೆಂಗಸರ ಕಡೆಯಿಂದ ಎದ್ದ ಕೂಗಿಗೆ ಡೊಳ್ಳು ಕೇಳಿಸಲಿಲ್ಲ. ನಾನು ನೋವನ್ನೂ ನಗುವನ್ನೂ ಕೂಡಿಸಿಕೊಂಡು ಹಿಂದೆ ಕುಂಟುತ್ತ ಹೋದೆ. ಗುಂಪಿನಲ್ಲಿ ಅಪ್ಪ ಗುರುತಿಲ್ಲದವರ ಹೆಗಲೆಲ್ಲ ಹಿಡಿದು ಅಲುಗಿಸುತ್ತಿದ್ದ. "ಮುಂದ ಓಡಾಕತ್ತಾಳಲ್ಲ, ಆಕಿ ನನ್ನ ಹೇಂತಿ! ಹಿಂದಾಕಿ ನನ್ನ ಮಗಳು!"

ವೇದಿಕೆಯ ಹತ್ತಿರ ಸಮಿತಿಯ ಹಿರಿಯರು ಕನ್ನಡಕ ಏರಿಸಿ, "ಈಕಿ ಯಾರು?" ಎಂದರು.

"ಹಮ್ಮಿಗಿ ಮಗಳ್ರಿ. ನೀರಿನ ಕೂಡ ಬಂದಾಳ," ಎಂದರು ಸುಶೀಲಕ್ಕೋರು. ಅವರ ಕಣ್ಣು ತುಂಬಿತ್ತು.

ಅವ್ವ ಆ ವಾರವೇ ಹಮ್ಮಿಗಿಗೆ ಹೋಗಿ, ಹರಿಗೋಲು ದಾಟಿ, ಅಕ್ಕನ ಮನೆಯಲ್ಲಿ ಮನಸ್ಸು ತಣಿಯುವಷ್ಟು ದಿನ ಇದ್ದು ಬಂದಳು. ಹೋಗಲೇ ಎಂದು ಯಾರನ್ನೂ ಕೇಳಲಿಲ್ಲ. ಆಯಿಯೇ ಬುತ್ತಿ ಕಟ್ಟಿಕೊಟ್ಟಳು.

ಮುಂದಿನ ರವಿವಾರ ನಮ್ಮ ಅಂಗಳದಲ್ಲಿ ಬಸವರಾಜ ಮಾಸ್ತರ ನಿಂತಿದ್ದರು, ತಂದೆಯನ್ನು ಕರೆದುಕೊಂಡು. ದೊಡ್ಡವ್ವ ಬಂದಿರಲಿಲ್ಲ. ಓಟದ ದಿನ ಮಾಸ್ತರ ಶಾಲೆಯ ಹುಡುಗರ ಸಾಲಿನಲ್ಲಿ ನಿಂತು ಎಲ್ಲ ನೋಡಿದ್ದರಂತೆ. "ನಮ್ಮ ದೊಡ್ಡವ್ವಗ ನಾ ತಿಳಿಸಿ ಹೇಳೇನ್ರಿ. ಸಿಟ್ಟು ಇಳ್ಯಾಕ ಒಂದೀಟು ಟೈಮ್ ಬೇಕು. ನಿಮ್ಮ ಮಗಳಿಗೆ ಒಪ್ಪಿಗಿ ಇದ್ರ..." ಎಂದು ಅಪ್ಪನಿಗೆ ಹೇಳಿದರು. ಅಪ್ಪ ನನ್ನ ಕಡೆ ಬೊಟ್ಟು ಮಾಡಿದ. "ಆಕಿನ್ನ ಕೇಳ್ರಿ. ನಮ್ಮ ಮನಿ ಹೆಂಗಸರ ಮಾತು ಈಗ ನನ್ನ ಕೈಯಾಗ ಇಲ್ಲ."

"ನನಗ ಓಡಾಕ ಬಿಡಬೇಕು," ಎಂದೆ ಬಾಗಿಲ ಸಂದಿಯಿಂದ.

"ನಾನೂ ಬರತೇನಿ," ಎಂದರು ಅವರು.

ಹಾಗೆ ನಾನು ಲಕ್ಷ್ಮೇಶ್ವರಕ್ಕೆ ಬಂದೆ. ಮದುವೆಯಾದ ಹೊಸತು. ಒಂದು ಮುಂಜಾನೆ ಊರ ಹೊರಗಿನ ಮಣ್ಣುದಾರಿಯಲ್ಲಿ ನಾನು ಮುಂದೆ ಓಡುತ್ತಿದ್ದೆ, ನಮ್ಮವರು ಬಹಳ ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದರು. ಮಾಸ್ತರಿಕೆ ಸೇರಿದ ಮೇಲೆ ಹುತುತು ಬಿಟ್ಟು, ಹೊಟ್ಟೆ ಸ್ವಲ್ಪ ಬಂದಿತ್ತು. ಎದುರಿಗೆ ಎಮ್ಮೆ ಹೊಡೆದುಕೊಂಡು ಬಂದ ಒಬ್ಬ ಅಜ್ಜ ಕೋಲು ಅಡ್ಡ ಹಿಡಿದು ನನ್ನನ್ನು ನಿಲ್ಲಿಸಿದ.

"ನಿಂದ್ರವಾ ತಂಗಿ. ಹೊಸಾ ಸಂಸಾರ, ಸಿಟ್ಟು ಬರತೈತಿ. ಅಷ್ಟಕ್ಕ ತವರಿಗೆ ಓಡಿಹೋಗೂದೇನು? ತಿರುಗಿ ನಡಿ."

ಅಷ್ಟರಲ್ಲಿ ನಮ್ಮವರು ಬಂದು, ಮೊಣಕಾಲ ಮೇಲೆ ಕೈಯೂರಿ ನಿಂತರು. ಅಜ್ಜ ಅವರ ಕಡೆ ತಿರುಗಿದ. "ಏನ್ರಿ ಮಾಸ್ತರ, ಕಲತವರು ನೀವು. ಮನಿಗೆ ಬಂದ ಹೆಣ್ಣುಮಗಳನ್ನ ಹಿಂಗ ಹಾದಿಬೀದ್ಯಾಗ ಓಡಸತೀರೇನು?"

ಮಾಸ್ತರಿಗೆ ಉತ್ತರ ಕೊಡಲು ಉಸಿರಿರಲಿಲ್ಲ. ಕೈಯಾಡಿಸಿದರು, ಅಷ್ಟೇ. ನಾನೇ ಹೇಳಬೇಕಾಯಿತು.

"ಅವರು ಓಡಸಾಕತ್ತಿಲ್ಲೋ ಯಜ್ಜಾ. ಅವರನ್ನ ನಾ ಓಡಸಾಕತ್ತೇನಿ!"